ರಿಪೇರಿ ಕಾಣಬಾರದು

ನನ್ನ ತಂಗಿ ಯಾರಿಗೂ ಮೋಸ ಮಾಡಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ಅವಳ ಬೀದಿಯಲ್ಲಿ ಕೆಲವರು ಅವಳನ್ನು ಸುಳ್ಳಿ ಎನ್ನುತ್ತಾರೆ. ನಾನು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವಳು. ತಲೆಗೂದಲು ಹಣ್ಣಾಗಿದ್ದೇ ಆ ಕೆಲಸದಲ್ಲಿ. ಟಿಕೆಟ್ ಕೊಳ್ಳದೆ ಕೂತವನು ಕಿಟಕಿಯಾಚೆ ನೋಡುವ ರೀತಿಯೇ ಬೇರೆ, ನನಗೆ ಮೂರು ಸೀಟು ದೂರದಿಂದಲೇ ವಾಸನೆ ಹೊಡೆಯುತ್ತದೆ. ಅಂಥ ನಾನೇ ಆ ಮನೆಗೆ ವರ್ಷವಿಡೀ ಹೋಗಿ ಬಂದು ಮಾಡಿಯೂ ಏನೂ ಕಂಡುಹಿಡಿಯಲಿಲ್ಲ. ಇನ್ನು ನಂಬುವುದೇ ಹುಟ್ಟುಗುಣವಾದ ನನ್ನ ತಂಗಿಗೆ ಕಾಣಲಿಲ್ಲ ಎಂದರೆ ಆಶ್ಚರ್ಯವೇನು?

ಅವರದು ಕುರ್ಚಿ, ಸೋಫಾ ರಿಪೇರಿ ಮಾಡುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ, ನಡುವೆ ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಷ್ಟು ಕಿರಿದಾದ ಮರದ ಮೆಟ್ಟಿಲು. ಅಂಗಡಿಯೊಳಗೆ ಕಾಲಿಟ್ಟರೆ ಸದಾ ಒಂದೆರಡು ಸೋಫಾಗಳು ಹೊಟ್ಟೆ ಸೀಳಿಸಿಕೊಂಡು ಅಂಗಾತ ಮಲಗಿರುತ್ತವೆ. ನೆಲದ ತುಂಬ ಸ್ಪಂಜಿನ ಚೂರು, ಹಳೆಯ ನಾರು, ಮೂಗಿಗೆ ಅಂಟಿನ ಘಾಟು. ತಂಗಿ ಗಿರಾಕಿಗಳ ಮನೆಗೆ ಹೋಗಿ ಅಳತೆ ತೆಗೆದುಕೊಂಡು ಬರುತ್ತಾಳೆ, ಬಟ್ಟೆ ಆರಿಸಿ ಕತ್ತರಿಸುತ್ತಾಳೆ. ಅವಳ ಅತ್ತೆ ಮೂಲೆಯಲ್ಲಿ ಕೂತು ಗುಂಡಿಗಳಿಗೆ ಬಟ್ಟೆ ಹೊದಿಸುತ್ತಾರೆ. ಹೊಲಿಯುವುದು, ಮೊಳೆ ಹೊಡೆಯುವುದು ತಂಗಿಯ ಗಂಡನ ಕೆಲಸ.

ಆ ಮಹರಾಯ ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ಬಾಯಿತುಂಬ ಇಟ್ಟುಕೊಳ್ಳುತ್ತಾನೆ. ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ತುದಿಗೆ ಅಂಟಿಸಿ, ಟಕ್ ಎಂದು ಹೊಡೆಯುತ್ತಾನೆ. ನಾವೆಲ್ಲ ಅವನನ್ನು ಮೊಳೆಬಾಯಿ ಎನ್ನುತ್ತೇವೆ. ಏನು ಕೇಳಿದರೂ ಉತ್ತರ ಒಂದು ಹೂಂ, ಇಲ್ಲವೇ ಒಂದು ಉಹೂಂ. ಬಾಯಲ್ಲಿ ಮೊಳೆ ಇರುವುದರಿಂದ ಪಾಪ ಮಾತಾಡುವುದಿಲ್ಲ ಎಂದು ಮೊದಲಿಗೆ ಅಂದುಕೊಂಡಿದ್ದೆ. ಬಾಯಿ ಖಾಲಿಯಿದ್ದರೂ ಅಷ್ಟೇ ಎಂದು ಆಮೇಲೆ ಗೊತ್ತಾಯಿತು.

ಅವನ ಕೆಲಸಕ್ಕೆ ಒಂದೇ ನಿಯಮ: ರಿಪೇರಿ ಕಾಣಬಾರದು. ಹರಿದ ಕುರ್ಚಿ ತಂದವರು ಅದನ್ನು ವಾಪಸ್ ಪಡೆಯುವಾಗ ಎಲ್ಲಿ ಹರಿದಿತ್ತು ಎಂದು ತಡಕಾಡಬೇಕು. ದಾರವನ್ನು ಒಳಗಿನಿಂದ ಎಳೆದು, ಗಂಟನ್ನು ಸ್ಪಂಜಿನೊಳಗೆ ಹೂತು, ಕುರ್ಚಿಯ ಅಡಿಭಾಗಕ್ಕೆ ಕಪ್ಪು ಬಟ್ಟೆ ಬಡಿದುಬಿಟ್ಟರೆ ಮುಗಿಯಿತು. ಯಾರಾದರೂ "ಹೊಲಿಗೆ ತುಂಬ ಚೆನ್ನಾಗಿದೆ" ಎಂದು ಹೊಗಳಿದರೆ ಅವನ ಮುಖ ಸಪ್ಪಗಾಗುತ್ತದೆ. ಹೊಲಿಗೆ ಕಂಡಿತಲ್ಲ ಎಂಬ ಸಂಕಟ ಅವನಿಗೆ.

ಇವರಿಗೆ ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಷ್ಟಿದ್ದಳು, ಹಾಗಾಗಿ ಸಾಸಿವೆ ಎಂಬ ಹೆಸರು ಅಂಟಿಕೊಂಡಿತು. ಮನೆಯಲ್ಲಿ ಚಟಪಟ ಸಿಡಿಯುವ ಹುಡುಗಿ ಶಾಲೆಗೆ ಸೇರಿದ್ದೇ ತಡ, ನೀರಿಗೆ ಬಿದ್ದ ಬೆಕ್ಕಾದಳು. ಎರಡನೇ ವರ್ಷಕ್ಕೆ ಬೆಳಿಗ್ಗೆ ಸಮವಸ್ತ್ರ ತೊಡಿಸುವಾಗಲೇ ವಾಂತಿ. ವೈದ್ಯರು ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ರಜೆಯ ದಿನ ಅದೇ ಹೊಟ್ಟೆ ಕಲ್ಲು ತಿಂದು ಕರಗಿಸುತ್ತಿತ್ತು. ಒಂದು ದಿನ ತಂಗಿ ಶಾಲೆಗೆ ಹೋಗಿ ನೋಡಿದರೆ, ಓದಲು ಬಾರದ ಮಕ್ಕಳಿಗೆಂದು ಬಾಗಿಲ ಬಳಿ ಒಂದು ಬೇರೆ ಬೆಂಚು, ಅದರ ಮೇಲೆ ಇವಳೊಬ್ಬಳೇ. ಬೆಂಚಿನ ತುದಿಯಲ್ಲಿ ಎಲ್ಲರ ಚೀಲ ಪೇರಿಸಿಟ್ಟಿದ್ದರು. ಚೀಲಗಳ ಜೊತೆ ಇನ್ನೊಂದು ಚೀಲದಂತೆ ಇವಳು ಕೂತಿದ್ದಳು.

ತಂಗಿ ಮಗಳ ಕೈ ಹಿಡಿದು ಎಬ್ಬಿಸಿಕೊಂಡು ಬಂದವಳು ಮತ್ತೆ ಕಳಿಸಲಿಲ್ಲ. "ನಾನೇ ಮನೇಲಿ ಕಲಿಸ್ತೀನಿ" ಎಂದಳು. ಅವಳ ಅತ್ತೆ ಬಾಯಿ ಬಾಯಿ ಬಡಿದುಕೊಂಡರು. ನಾನೂ ಬಿಡಲಿಲ್ಲ. "ಹತ್ತನೇ ಕ್ಲಾಸಲ್ಲಿ ಗಣಿತಕ್ಕೆ ನನ್ನ ಕೈಯಲ್ಲಿ ಗುದ್ದು ತಿಂದೋಳು ನೀನು, ನೀನೇನೇ ಕಲಿಸೋದು?" ಎಂದೆ. ಮೊಳೆಬಾಯಿ ಮೊಳೆಗಳನ್ನೆಲ್ಲ ಅಂಗೈಗೆ ಉಗಿದ. ಅಂದರೆ ದೊಡ್ಡ ಮಾತು ಬರಲಿದೆ ಎಂದರ್ಥ.

"ಒಂದು ವರ್ಷ ನೋಡೋಣ. ಅಷ್ಟರೊಳಗೆ ಓದೋಕೆ ಬಂದ್ರೆ ಮನೇಲೇ ಇರ್ಲಿ. ಬರ್ಲಿಲ್ಲ ಅಂದ್ರೆ ಮತ್ತೆ ಶಾಲೆ. ಅಳೋದು ಗಿಳೋದು ಇಲ್ಲ."

ತಂಗಿ ಒಪ್ಪಿದಳು. ಆ ವರ್ಷವೆಲ್ಲ ಅವಳ ತಲೆಯ ಮೇಲೆ ತೂಗುತ್ತಿದ್ದುದು ಇದೇ: ಸಾಸಿವೆ ಓದಬೇಕು, ಇಲ್ಲದಿದ್ದರೆ ಆ ಬೆಂಚಿಗೆ ವಾಪಸ್.

ಶುರುವಿನಲ್ಲಿ ಅವಳು ಮಾಡಿದ ಅವಾಂತರ ನೋಡಬೇಕಿತ್ತು. ಮೇಲಿನ ಕೋಣೆಯಲ್ಲಿ ಕಪ್ಪುಹಲಗೆ ತಗುಲಿಸಿದಳು. ಗೋಡೆಗೆ ವೇಳಾಪಟ್ಟಿ ಅಂಟಿಸಿದಳು. ಎಲ್ಲಿಂದಲೋ ಒಂದು ಹಿತ್ತಾಳೆಯ ಗಂಟೆ ತಂದು, ತಾನೇ ಬಾರಿಸಿ, ತಾನೇ ಮೆಟ್ಟಿಲು ಇಳಿದು, ಮಗಳ ಜೊತೆ ಮತ್ತೆ ಹತ್ತಿ, ಬಾಗಿಲಲ್ಲಿ ಟೀಚರಾಗಿ ನಿಲ್ಲುತ್ತಿದ್ದಳು. ಒಂದು ದಿನ ನಾನು ಹೋದಾಗ ಸಾಸಿವೆ ಬಾಗಿಲ ಹೊರಗೆ ನಿಂತಿದ್ದಳು.

"ಏನೇ, ಇಲ್ಲಿ ನಿಂತಿದೀಯಾ?"

"ಮಿಸ್ ಆಚೆ ಹಾಕಿದಾರೆ ದೊಡ್ಡಮ್ಮ."

"ಯಾವ ಮಿಸ್ಸು?"

"ಅಮ್ಮ."

ನಾನು ನಕ್ಕೆ, ಆದರೆ ನಗುವ ವಿಷಯವಾಗಿರಲಿಲ್ಲ. ಶಾಲೆಯ ಕಾಟ ತಪ್ಪಿಸಲು ಮನೆಗೆ ತಂದವಳು ಶಾಲೆಯನ್ನೇ ಮನೆಗೆ ಹೊತ್ತು ತಂದಿದ್ದಳು. ಆ ವಾರವೇ ಗಂಟೆಯ ಸದ್ದಿಗೆ ಸಾಸಿವೆ ಮೇಲಿನ ಕೋಣೆಯಲ್ಲೂ ವಾಂತಿ ಮಾಡಿದಳು. ತಂಗಿ ನೆಲ ಒರೆಸಿ, ಗಂಟೆಯನ್ನು ಹಳೆ ಸಾಮಾನಿನವನಿಗೆ ಕೊಟ್ಟು, ಮೆಟ್ಟಿಲ ಮೇಲೆ ಕೂತು ಅತ್ತಳು. ಅದೇ ಹೊತ್ತಿನಲ್ಲಿ ಅವಳಿಗೆ ಉದ್ಯಾನದ ಗುಂಪು ಸಿಕ್ಕಿತು.

ಮಕ್ಕಳಿಗೆ ಮನೆಯಲ್ಲೇ ಕಲಿಸುವ ತಂದೆತಾಯಿಗಳ ಗುಂಪು ಅದು. ವಾರಕ್ಕೆರಡು ಮಧ್ಯಾಹ್ನ ದೊಡ್ಡ ಮರದ ಕೆಳಗೆ ಚಾಪೆ ಹಾಸಿ ಸೇರುತ್ತಿದ್ದರು. ಅದರ ಹಿರಿಯ ಸದಾ ಬಟ್ಟೆಯ ಟೋಪಿ ಹಾಕುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು. ಮಾತು ಬೆಣ್ಣೆ. "ಮಗುಗೆ ನಡೆಯೋದು ಕಲಿಸಿದ್ರಾ? ಮಾತಾಡೋದು ಕಲಿಸಿದ್ರಾ? ತಾನೇ ಕಲೀತಲ್ವಾ? ಓದೋದೂ ಹಾಗೇ. ಪುಸ್ತಕ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿ. ಮಗು ತಾನಾಗೇ ಕೇಳೋವರೆಗೂ ಕಲಿಸಬೇಡಿ. ಕಾಯೋದು ಕಲೀಬೇಕಾಗಿರೋದು ನೀವು" ಎಂದರಂತೆ. ತಂಗಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಂದೇ ಕಪ್ಪುಹಲಗೆ ಗೋಡೆಯಿಂದ ಇಳಿಯಿತು.

ಆಮೇಲೆ ಅವಳು ಕಾದಳು. ಹೇಗೆ ಕಾದಳೆಂದು ನಾನು ನೋಡಿದ್ದೇನೆ. ಸಾಸಿವೆ ಬಟ್ಟೆಯ ಚೂರುಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು, ಅಳತೆಪಟ್ಟಿ ಹಿಡಿದು ಬೀದಿನಾಯಿಯ ಬಾಲ ಅಳೆದಳು, ಅಜ್ಜಿಯ ಗುಂಡಿಗಳಲ್ಲಿ ಅಂಗಡಿ ಆಡಿದಳು. ವಾಂತಿ ನಿಂತಿತು, ಕೆನ್ನೆ ತುಂಬಿತು, ಮೊದಲಿನ ಚಟಪಟ ಮರಳಿತು. ಓದು ಮಾತ್ರ ಬರಲಿಲ್ಲ. ತಂಗಿ ಮಗಳ ಎದುರಿಗೆ ಪತ್ರಿಕೆ ಬಿಡಿಸಿಟ್ಟು ಓರೆಗಣ್ಣಲ್ಲಿ ನೋಡುತ್ತಿದ್ದಳು. ಸಾಸಿವೆ ಅದನ್ನು ಮಡಚಿ ದೋಣಿ ಮಾಡುತ್ತಿದ್ದಳು. ತಂಗಿ ತುಟಿ ಕಚ್ಚಿಕೊಳ್ಳುತ್ತಿದ್ದಳೇ ಹೊರತು ಒಂದು ಅಕ್ಷರ ತೋರಿಸುತ್ತಿರಲಿಲ್ಲ. ಕಲಿಸುವುದಕ್ಕಿಂತ ಕಲಿಸದೆ ಇರುವುದು ಅವಳಿಗೆ ನೂರು ಪಾಲು ಕಷ್ಟವಾಗಿತ್ತು. ವರ್ಷ ಮುಗಿಯುತ್ತ ಬಂದ ಹಾಗೆ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಅಕ್ಕಾ, ನಾನು ಸೋತ್ರೆ ಮತ್ತೆ ಅದೇ ಬೆಂಚು ಕಣೇ" ಎಂದಳು ಒಮ್ಮೆ.

"ಸೋತ್ರೆ ನೋಡೋಣ" ಎಂದು ಗದರಿದೆ. ನನಗೂ ಭಯವಾಗಿತ್ತು.

ಗಡುವಿಗೆ ಇನ್ನು ಸ್ವಲ್ಪವೇ ದಿನ ಉಳಿದಿದ್ದಾಗ ಆ ಸಂಜೆ ಬಂತು. ತಂಗಿ ಅಳತೆ ಮುಗಿಸಿಕೊಂಡು ಅಂಗಡಿಗೆ ಬಂದಳು, ಅವಳ ಹಿಂದೆಯೇ ನಾನು. ಅತ್ತೆ ಕೆಮ್ಮುತ್ತಿದ್ದರು. ಕೈಯಲ್ಲಿ ಕೆಮ್ಮಿನ ಔಷಧಿಯ ಬಾಟಲಿ ಹಿಡಿದು, "ಕನ್ನಡಕ ಎಲ್ಲಿಟ್ಟೆನೋ, ಇದರಲ್ಲಿ ಏನ್ ಬರೆದಿದೆಯೋ" ಎಂದು ಗೊಣಗುತ್ತಿದ್ದರು. ಸಾಸಿವೆ ಬಾಟಲಿ ತೆಗೆದುಕೊಂಡಳು. ಬೆರಳಿಟ್ಟು, ನಿಧಾನಕ್ಕೆ, ತಡವರಿಸುತ್ತ ಓದಿದಳು: "ಕುಡಿಯುವ ಮುಂಚೆ... ಚೆನ್ನಾಗಿ... ಅಲ್ಲಾಡಿಸಿ."

ತಂಗಿಯ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. "ಇನ್ನೊಂದ್ಸಲ ಓದು ಕಂದಾ" ಎಂದಳು. ಸಾಸಿವೆ ಓದಿದಳು. ತಂಗಿ ಮೊಣಕಾಲೂರಿ ಕೂತು ಮಗಳನ್ನು ಅಪ್ಪಿಕೊಂಡು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದಂತೆ ಸದ್ದು ಮಾಡಿದಳು. ನನ್ನ ಕಣ್ಣಲ್ಲೂ ನೀರು. ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು. ಮೊಳೆಬಾಯಿ ಮಾತ್ರ ಸೋಫಾದ ಹಿಂದೆ ಬಗ್ಗಿ ಏನೋ ಹುಡುಕುತ್ತಿದ್ದ. ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುವ ಹಾಗೆ! ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಸಂತೋಷದ ಹೊತ್ತಿನಲ್ಲಿ ಯಾರು ಟಿಕೆಟ್ ಕೇಳುತ್ತಾರೆ?

ಆ ದಿನದಿಂದ ತಂಗಿಯ ನಡಿಗೆಯೇ ಬದಲಾಯಿತು. ಉದ್ಯಾನದಲ್ಲಿ ಟೋಪಿ ಮೇಷ್ಟ್ರು ಅವಳನ್ನು ಎಬ್ಬಿಸಿ ನಿಲ್ಲಿಸಿ ಮಾತಾಡಿಸಿದರು. ಹೊಸದಾಗಿ ಬಂದ ತಾಯಂದಿರೆಲ್ಲ ಅವಳನ್ನೇ ಹುಡುಕಿಕೊಂಡು ಬಂದರು. "ಮೊದಲು ಏನ್ ಮಾಡಬೇಕು? ಪುಸ್ತಕ ಯಾವ್ದು ತಗೋಬೇಕು? ಎಷ್ಟು ಹೊತ್ತು ಕೂರಿಸಬೇಕು?" ಅವಳು ನಗುತ್ತ, "ಮೊದಲು ಏನೂ ಮಾಡಬೇಡಿ. ಅದೇ ಎಲ್ಲಕ್ಕಿಂತ ಕಷ್ಟ. ನಂಬಿ, ಕಾಯಿರಿ. ನನ್ನ ಮಗಳಿಗೆ ನಾನು ಒಂದಕ್ಷರ ಕಲಿಸಿಲ್ಲ" ಎನ್ನುತ್ತಿದ್ದಳು. ಜೀವಮಾನದಲ್ಲಿ ಯಾರೂ ಅವಳ ಸಲಹೆ ಕೇಳಿರಲಿಲ್ಲ. ಮನೆಯಲ್ಲಿ ನಾನು ಬುದ್ಧಿವಂತೆ, ಅವಳು ಒಳ್ಳೆಯವಳು, ಹೀಗೇ ನಡೆದುಬಂದಿತ್ತು. ಈಗ ಅವಳ ಮುಖದಲ್ಲಿ ಬಂದ ಕಳೆ ನೋಡಿ ನನಗೇ ಸ್ವಲ್ಪ ಹೊಟ್ಟೆಕಿಚ್ಚಾಗಿತ್ತು ಎಂದರೆ ಸುಳ್ಳಲ್ಲ.

ಅವಳ ಮಾತು ಕೇಳಿದವರಲ್ಲಿ ಬೀದಿಯ ತುದಿಯ ಬೇಕರಿಯಾಕೆಯೂ ಒಬ್ಬಳು. ಅವಳ ಮಗಳು ಸಾಸಿವೆಗಿಂತ ಒಂದು ವರ್ಷ ಚಿಕ್ಕವಳು, ಅವಳಿಗೂ ಶಾಲೆಯೆಂದರೆ ಅಳು. ಬೇಕರಿಯಾಕೆ ಎಲ್ಲ ಕಡೆ ವಿಚಾರಿಸಿ, ಗಂಡನ ಜೊತೆ ಜಗಳವಾಡಿ, ಕೊನೆಗೆ ಮಗಳನ್ನು ಬಿಡಿಸಿದಳು. ಶಾಲೆಯವರು ಆ ಜಾಗವನ್ನು ಮರುವಾರವೇ ಇನ್ನೊಂದು ಮಗುವಿಗೆ ಕೊಟ್ಟುಬಿಟ್ಟರು. ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಮಗಳ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿ, ಮಧ್ಯಾಹ್ನ ಒಲೆ ಆರಿದ ಮೇಲೆ ಮಗಳನ್ನು ಕರೆದುಕೊಂಡು ಅಂಗಡಿಗೆ ಬರುತ್ತಿದ್ದಳು. ತಿಂಗಳುಗಳು ಉರುಳಿದವು. ಆ ಮಗು ಒಂದಕ್ಷರ ಓದಲಿಲ್ಲ. "ಇನ್ನೂ ಸ್ವಲ್ಪ ಕಾಯೋಣ" ಎನ್ನುತ್ತಿದ್ದಳು ತಂಗಿ, ಟೋಪಿ ಮೇಷ್ಟ್ರ ದನಿಯಲ್ಲೇ.

ಒಂದು ಮಧ್ಯಾಹ್ನ ನಾವಿಬ್ಬರೂ ಮೇಲಿನಿಂದ ಇಳಿಯುತ್ತಿದ್ದೆವು, ತಂಗಿ ಮುಂದೆ, ನಾನು ಹಿಂದೆ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಸ್ಪಂಜಿನ ರಾಶಿಯ ಮೇಲೆ ಮಕ್ಕಳಿಬ್ಬರೂ ಕೂತಿದ್ದರು. ಬೇಕರಿಯಾಕೆಯ ಮಗಳು ಮುಸುಮುಸು ಅಳುತ್ತಿದ್ದಳು.

"ನಂಗೆ ಯಾವಾಗ ಓದೋಕೆ ಬರುತ್ತೆ? ಅಮ್ಮ ದಿನಾ ಕೇಳ್ತಾಳೆ."

ಸಾಸಿವೆ ದೊಡ್ಡ ಮನುಷ್ಯಳಂತೆ ಅವಳ ತಲೆ ಸವರಿದಳು. "ಸುಮ್ನೆ ಕಾದ್ರೆ ಬರಲ್ಲ ಕಣೇ. ನಮ್ಮಮ್ಮ ಅಳತೆಗೆ ಹೋದಾಗ ಬಾ. ನಮ್ಮಪ್ಪ ಕಲಿಸ್ತಾರೆ. ಆದ್ರೆ ನಮ್ಮಮ್ಮಂಗೆ ಹೇಳ್ಬೇಡ. ಪಾಪ, ಅವಳಿಗೆ ಬೇಜಾರಾಗುತ್ತೆ."

ತಂಗಿ ಮೆಟ್ಟಿಲ ಕಟಕಟೆ ಹಿಡಿದು ನಿಂತುಬಿಟ್ಟಳು. ಹಿಂದಿನಿಂದ ನನಗೆ ಅವಳ ಮುಖ ಕಾಣುತ್ತಿರಲಿಲ್ಲ, ಕತ್ತು ಮಾತ್ರ ಕಾಣುತ್ತಿತ್ತು, ಅದು ಕೆಂಪಗಾಗಿತ್ತು. ಅವಳು ಕೂಗಾಡಲಿಲ್ಲ. ನಾನಾಗಿದ್ದರೆ ಮೆಟ್ಟಿಲೇ ಮುರಿಯುತ್ತಿತ್ತು. ಬೇಕರಿಯಾಕೆಯ ಮಗಳನ್ನು ಬೇಕರಿಗೆ ಬಿಟ್ಟುಬಂದು, ಸಾಸಿವೆಯನ್ನು ಮೇಲೆ ಕರೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿಕೊಂಡಳು.

"ಅಪ್ಪ ನಿಂಗೆ ಯಾವಾಗ ಕಲಿಸ್ತಿದ್ರು?"

ಸಾಸಿವೆ ಕಣ್ಣು ಅತ್ತ ಇತ್ತ ಓಡಿಸಿದಳು. ಅಮ್ಮ ಬೈಯುವುದಿಲ್ಲ ಎಂದು ಖಚಿತವಾದ ಮೇಲೆ ಬಾಯಿಬಿಟ್ಟಳು. ಅಮ್ಮ ಅಳತೆಗೆ ಹೋದಾಗ, ಉದ್ಯಾನಕ್ಕೆ ಹೋದಾಗ, ಅಪ್ಪ ಶಟರ್ ಅರ್ಧ ಇಳಿಸುತ್ತಿದ್ದರು. ದರ್ಜಿಯ ಚಾಕಿನಿಂದ ಕಪ್ಪು ಬಟ್ಟೆಯ ಮೇಲೆ ದೊಡ್ಡ ದೊಡ್ಡ ಅಕ್ಷರ ಬರೆಯುತ್ತಿದ್ದರು. ಅವಳು ಅದರ ಮೇಲೆ ಗುಂಡಿ ಜೋಡಿಸಬೇಕಿತ್ತು. ಅಜ್ಜಿ ಬಾಗಿಲಲ್ಲಿ ಕೂತಿರುತ್ತಿದ್ದರು. ಅಮ್ಮ ಬೀದಿಯ ತಿರುವಿನಲ್ಲಿ ಕಂಡರೆ ಅಜ್ಜಿ ಕೆಮ್ಮುತ್ತಿದ್ದರು, ಅಪ್ಪ ಬಟ್ಟೆ ಕೊಡವುತ್ತಿದ್ದರು. ಎಲ್ಲ ಮಾಯ.

"ಹಾಗಾದ್ರೆ ಔಷಧಿ ಬಾಟಲಿ ಓದ್ದೆಯಲ್ಲ, ಆ ದಿನಕ್ಕೆ ಮುಂಚೆನೇ ನಿಂಗೆ ಓದೋಕೆ ಬರ್ತಿತ್ತಾ?"

"ಓ, ಎಷ್ಟೋ ಮುಂಚೆನೇ!" ಸಾಸಿವೆಗೆ ಹೆಮ್ಮೆ ತಡೆಯಲಾಗಲಿಲ್ಲ. "ಅವತ್ತು ಅಪ್ಪ ಹೇಳಿದ್ರು, ಅಮ್ಮ ಬಂದ್ಮೇಲೆ ಓದು, ಫಸ್ಟ್ ಟೈಮ್ ಥರ ಓದು ಅಂತ. ನಾನು ಬೇಗಬೇಗ ಓದ್ಬಿಡ್ತಿದ್ದೆ. ಅದಕ್ಕೇ ಅಜ್ಜಿ ನಿಧಾನಕ್ಕೆ ಓದೋದು ಪ್ರಾಕ್ಟೀಸ್ ಮಾಡಿಸಿದ್ರು."

ನಾನು ಬಾಗಿಲಲ್ಲೇ ಕೂತುಬಿಟ್ಟೆ. ಕಲಿಸಿದ್ದು ಹಾಳಾಗಿ ಹೋಗಲಿ. ಆದರೆ ಅವಳ ಬದುಕಿನ ಅತಿ ದೊಡ್ಡ ಸಂತೋಷದ ಸಂಜೆಯನ್ನು ಮೂವರೂ ಸೇರಿ ನಾಟಕದಂತೆ ಆಡಿದ್ದರು, ಅವಳು ಚೀಲ ಬೀಳಿಸಿಕೊಂಡು ಮೊಣಕಾಲೂರಿದ್ದು ಆ ನಾಟಕಕ್ಕೆ! ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬ ಜಾಣತನ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಕಟ್ಟಿಕೊಂಡವಳ ಕಿವಿಗೇ ಹೂವಿಡುವ ಜಾಣತನಕ್ಕೆ ಬೆಂಕಿ ಹಾಕಬೇಕು. ಕೆಮ್ಮು ಕೂಡ ಸುಳ್ಳು ಎಂದು ನೆನೆದು ನನ್ನ ಮೈ ಉರಿಯಿತು.

ತಂಗಿ ಕೆಳಗಿಳಿದಳು. ಮೊಳೆಬಾಯಿ ಕುರ್ಚಿಯೊಂದಕ್ಕೆ ಅಡಿಬಟ್ಟೆ ಬಡಿಯುತ್ತಿದ್ದ. ಅವಳು ಅವನ ಮುಂದೆ ಅಂಗೈ ಒಡ್ಡಿದಳು. ಅವನು ಅರ್ಥವಾದವನಂತೆ ಮೊಳೆಗಳನ್ನು ಒಂದೊಂದಾಗಿ ಅವಳ ಅಂಗೈಗೆ ಉಗಿದ.

"ಗೊತ್ತಾಯ್ತಾ?" ಎಂದ.

"ಗೊತ್ತಾಯ್ತು."

ಅತ್ತೆ ಗುಂಡಿಯ ಡಬ್ಬಿ ಮುಚ್ಚಿದರು. "ನಿನ್ನ ಒಳ್ಳೇದಕ್ಕೇ ಕಣಮ್ಮ ಮಾಡಿದ್ದು. ಮೊದಲೇ ಹೇಳಿದ್ರೆ ನೀನು ಬಿಡ್ತಿದ್ಯಾ?"

"ಬಿಡ್ತಿರ್ಲಿಲ್ಲ. ಜಗಳ ಆಡ್ತಿದ್ದೆ. ಜಗಳ ಆಡೋಕಾದ್ರೂ ಒಂದು ಅವಕಾಶ ಕೊಡಬೇಕಿತ್ತಲ್ಲ ಅತ್ತೆ."

ಮೊಳೆಬಾಯಿ ನೆಲ ನೋಡುತ್ತ, ನಾನು ಕೇಳಿದ ಅವನ ಅತಿ ಉದ್ದದ ಮಾತು ಆಡಿದ. "ಅದು ಓದದೇ ಇದ್ದಿದ್ರೆ ಶಾಲೆಗೆ ಕಳಿಸ್ಬೇಕಾಗ್ತಿತ್ತು. ಷರತ್ತು ಹಾಕಿದ್ದು ನಾನೇ, ವಾಪಸ್ ತಗೊಳ್ಳೋಕೆ ನಾಚಿಕೆ ಆಯ್ತು. ಆ ಟೋಪಿಯವರು ಹೇಳಿದ್ದು ನಮ್ಮ ಮಗೂಗೆ ಆಗಲ್ಲ ಅಂತ ಹೇಳಿದ್ರೆ ನೀನು ಕುಸಿದುಹೋಗ್ತಿದ್ದೆ. ದಿನಾ ಊಟ ಬಿಡ್ತಿದ್ದೆ. ನೋಡೋಕಾಗ್ಲಿಲ್ಲ. ಅದಕ್ಕೇ ಕಾಣದ ಹಾಗೆ ಒಳಗಿಂದ ಸರಿಮಾಡ್ದೆ."

"ಸರಿಮಾಡೋಕೆ ನಾನೇನು ಹರಿದ ಸೋಫಾನಾ?"

ಅವನು ಸುತ್ತಿಗೆ ಕೆಳಗಿಟ್ಟ.

"ಅವಳಿಗೆ ಓದೋದು ಕಲಿಸಿದ್ರಿ, ಸಂತೋಷ" ಎಂದಳು ತಂಗಿ. "ಅದರ ಜೊತೆಗೆ ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳೋದೂ ಕಲಿಸಿದ್ರಿ. ಯಾವುದನ್ನ ಚೆನ್ನಾಗಿ ಕಲ್ತಿದಾಳೆ ಅಂತ ನೀವೇ ಹೇಳಿ."

ಮೊಳೆಗಳನ್ನು ಮೇಜಿನ ಮೇಲೆ ಸುರಿದು ಅವಳು ನೇರ ಬೇಕರಿಗೆ ಹೊರಟಳು. ನಾನು ಹಿಂದೆಯೇ ಓಡಿದೆ. "ಇವತ್ತೇ ಬೇಡ ಕಣೇ, ನಾಳೆ ಹೇಳು" ಎಂದೆ. "ಆ ಮಗು ಇವತ್ತೂ ಕಾಯ್ತಾ ಇದೆ ಅಕ್ಕಾ" ಎಂದಳು.

ಬೇಕರಿಯಾಕೆ ತಟ್ಟೆಗಳನ್ನು ಉಜ್ಜುತ್ತಿದ್ದಳು. ತಂಗಿ ಒಂದನ್ನೂ ಮುಚ್ಚಿಡದೆ ಹೇಳಿದಳು. ನನ್ನ ಮಗಳು ತಾನಾಗಿ ಓದಲಿಲ್ಲ, ಅವಳಪ್ಪ ಕಲಿಸಿದ್ದು, ನನಗೆ ಗೊತ್ತಿರಲಿಲ್ಲ, ನಿಮ್ಮ ಮಗಳನ್ನು ಇನ್ನು ಕಾಯಿಸಬೇಡಿ, ಯಾರಾದರೂ ಕೂರಿಸಿಕೊಂಡು ಕಲಿಸಬೇಕು. ಬೇಕರಿಯಾಕೆ ಕೈ ಒರೆಸಿಕೊಂಡು ಅವಳ ಕಡೆ ತಿರುಗಿದಳು.

"ಗೊತ್ತಿರ್ಲಿಲ್ವಾ?"

"ನಿಜವಾಗ್ಲೂ ಗೊತ್ತಿರ್ಲಿಲ್ಲ."

"ಕೆಳಗೆ ಅಂಗಡಿ, ಮೇಲೆ ಮನೆ. ಸೂಜಿ ಬಿದ್ರೂ ಕೇಳುತ್ತೆ. ವರ್ಷ ಪೂರ್ತಿ ಗಂಡ ಮಗಳಿಗೆ ಪಾಠ ಹೇಳಿಕೊಟ್ಟಿದ್ದು ಹೆತ್ತ ತಾಯಿಗೆ ಗೊತ್ತಿರ್ಲಿಲ್ಲ ಅಂದ್ರೆ ಯಾರಮ್ಮ ನಂಬ್ತಾರೆ?"

"ನಾನು ಸಾಕ್ಷಿ" ಎಂದು ನಾನು ಬಾಯಿ ಹಾಕಿದೆ.

"ನೀವು ಅವರ ಅಕ್ಕ" ಎಂದಳು ಆಕೆ. "ನನ್ನ ಮಗಳ ಜಾಗ ಹೋಯ್ತು. ಗಂಡ ದಿನಾ ಹಂಗಿಸ್ತಾನೆ. ನಿಮ್ಮ ಮಗಳಿಗೆ ಕದ್ದು ಕಲಿಸ್ಕೊಂಡು, ನನ್ನ ಮಗಳಿಗೆ ಕಾಯಿ ಅಂದ್ರಲ್ಲ. ನಾನು ನಿಮ್ಮನ್ನ ದೇವರ ಹಾಗೆ ನಂಬಿದ್ದೆ."

ಅವಳು ಮತ್ತೆ ತಟ್ಟೆ ಉಜ್ಜತೊಡಗಿದಳು. ಮೋಸ ಹೋದವಳು ನಿಜ ಹೇಳಲು ಹೋಗಿ ಮೋಸಗಾರ್ತಿಯಾಗಿ ಹಿಂದಿರುಗಿದಳು. ದಾರಿಯಲ್ಲಿ ಅವಳ ಕೈ ಹಿಡಿದೆ. ಉದ್ಯಾನದಲ್ಲೂ ಕಥೆ ಬೇರೆಯಾಗಲಿಲ್ಲ. ಟೋಪಿ ಮೇಷ್ಟ್ರು ನಯವಾಗಿ, "ನಿಮ್ಮ ಮನೆಯಲ್ಲಿ ಒಮ್ಮತ ಇರಲಿಲ್ಲ, ಅದು ಪದ್ಧತಿಯ ತಪ್ಪಲ್ಲ" ಎಂದು ಕೈತೊಳೆದುಕೊಂಡರು. ಅವಳು ಹೋಗುವುದನ್ನು ಬಿಟ್ಟಳು.

ಆ ಮೇಲೆ ಅವಳಿಗೆ ಮಗಳ ಜೊತೆ ಇರುವುದೇ ಕಷ್ಟವಾಯಿತು. ಸಾಸಿವೆ "ಊಟ ಚೆನ್ನಾಗಿದೆ" ಎಂದರೆ ತಟ್ಟೆ ನೋಡುತ್ತಿದ್ದಳು. "ನಿದ್ದೆ ಬಂತು" ಎಂದರೆ ಕಣ್ಣು ನೋಡುತ್ತಿದ್ದಳು. ಒಂದು ದಿನ ಮಗು ಅವಳ ಕೊರಳಿಗೆ ಜೋತುಬಿದ್ದು "ನೀನಂದ್ರೆ ಇಷ್ಟ ಅಮ್ಮ" ಎಂದಾಗ, ತಂಗಿಯ ಕಣ್ಣು ತಟ್ಟನೆ ಗಂಡನ ಕಡೆ ಹೋಯಿತು, ಇದನ್ನೂ ಅವನೇ ಹೇಳಿಕೊಟ್ಟನೋ ಎಂಬಂತೆ. ಮೊಳೆಬಾಯಿಗೂ ಅದು ಕಂಡಿತು. ಅವನು ಎದ್ದು ಹೊರಗೆ ಹೋದ.

ಹೊಸ ವರ್ಷದ ಶಾಲೆ ಶುರುವಾಗುವ ಹೊತ್ತಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ತಂಗಿ ನನ್ನನ್ನೂ ಕರೆಸಿ, ಎಲ್ಲರನ್ನೂ ಅಂಗಡಿಯಲ್ಲಿ ಕೂರಿಸಿದಳು. "ಇಲ್ಲಿವರೆಗೂ ನಾನೊಂದು ತೀರ್ಮಾನ ಮಾಡಿದೆ, ನೀವೊಂದು ತೀರ್ಮಾನ ಮಾಡಿದ್ರಿ. ಇವಳನ್ನ ಯಾರೂ ಕೇಳ್ಲೇ ಇಲ್ಲ. ಇವತ್ತು ಇವಳು ಹೇಳ್ಲಿ. ಹೇಳಿದ ಹಾಗೆ ಮಾಡೋದು" ಎಂದಳು. ಮೊಳೆಬಾಯಿ ತಲೆಯಾಡಿಸಿದ. ಅತ್ತೆಯೂ ಆಗಲಿ ಎಂದರು.

ತಂಗಿ ಮಗಳನ್ನು ಕತ್ತರಿಸುವ ಮೇಜಿನ ಮೇಲೆ ಎತ್ತಿ ಕೂರಿಸಿದಳು.

"ಸಾಸಿವೆ, ಶಾಲೆಗೆ ಹೋಗ್ತೀಯೋ, ಮನೇಲಿ ಕಲೀತೀಯೋ? ನಿಂಗೆ ಏನು ಬೇಕು ಹೇಳು. ಯಾರೂ ಬೈಯಲ್ಲ."

ಸಾಸಿವೆ ಅಮ್ಮನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಅಜ್ಜಿಯದು ನೋಡಿದಳು. ಆಮೇಲೆ ಬಹಳ ಗಂಭೀರವಾಗಿ ಕೇಳಿದಳು.

"ನಿಜ ಹೇಳ್ಲಾ, ನಿಂಗೆ ಖುಷಿಯಾಗೋದು ಹೇಳ್ಲಾ?"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ತಂಗಿ ಮೇಜಿನ ಅಂಚನ್ನು ಹಿಡಿದುಕೊಂಡಳು.

"ನಿಜ ಹೇಳು."

"ಹಾಗಾದ್ರೆ ನೀವೆಲ್ಲ ಆ ಕಡೆ ತಿರುಗಿ" ಎಂದಳು ಸಾಸಿವೆ. "ನನ್ನ ನೋಡ್ಬೇಡಿ."

ನಾವು ನಾಲ್ವರೂ ದೊಡ್ಡವರು ಗೋಡೆಯ ಕಡೆ ತಿರುಗಿ ನಿಂತೆವು. ಗೋಡೆಗೆ ಬಟ್ಟೆಯ ಸುರುಳಿಗಳನ್ನು ಒರಗಿಸಿಟ್ಟಿದ್ದರು, ನನ್ನ ಮೂಗಿಗೆ ಹೊಸ ಬಟ್ಟೆಯ ಗಂಜಿ ವಾಸನೆ ಬಡಿಯುತ್ತಿತ್ತು. ಪಕ್ಕದಲ್ಲಿ ತಂಗಿ ಕಣ್ಣು ಮುಚ್ಚಿಕೊಂಡಿದ್ದಳು.

"ಶಾಲೆಗೆ ಹೋಗಲ್ಲ. ಮನೇಲೇ ಇರ್ತೀನಿ" ಎಂದಿತು ಹಿಂದಿನಿಂದ ಸಣ್ಣ ದನಿ. ತಂಗಿಯ ಭುಜ ಸಡಿಲವಾಯಿತು. ಆದರೆ ಮಗುವಿನ ಮಾತು ಮುಗಿದಿರಲಿಲ್ಲ. "ಆದ್ರೆ ಅಪ್ಪನೇ ಕಲಿಸ್ಲಿ. ಅಮ್ಮ ಬೇಡ. ಅಮ್ಮ ನನ್ನ ಹತ್ರ ಕೂತ್ರೆ, ನಂಗೆ ಬರುತ್ತಾ ಇಲ್ವಾ ಅಂತ ಯಾವಾಗ್ಲೂ ನೋಡ್ತಾನೇ ಇರ್ತಾಳೆ. ಹೊಟ್ಟೆ ತೊಳಸುತ್ತೆ."

ಯಾರೂ ತಿರುಗಲಿಲ್ಲ. ಮೊಳೆಬಾಯಿ ಗೋಡೆಗೆ ಹಣೆ ಒತ್ತಿ ನಿಂತಿದ್ದ.

"ಆಯ್ತು ಕಂದಾ" ಎಂದಳು ತಂಗಿ, ಗೋಡೆಯ ಕಡೆಗೇ ಮುಖ ಮಾಡಿಕೊಂಡು. ಆಮೇಲೆ, "ಈಗ ತಿರುಗಬಹುದಾ?" ಎಂದು ಕೇಳಿದಳು.

"ಇನ್ನೂ ಬೇಡ" ಎಂದಳು ಸಾಸಿವೆ.